ಓಡಿದ್ದು ಲೆಕ್ಕಕ್ಕೆ ಬರಲಿ

ಒಳಾಂಗಣ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ವಿಡಿಯೊಗಳನ್ನು ಬೊಮ್ಮಸಂದ್ರದ ಎಳೆಯ ಓಟಗಾರರಾದ ನೀವೆಲ್ಲ ಮೊಬೈಲಿನಲ್ಲಿ ನೋಡುತ್ತೀರಿ. ಸೂರಿನಡಿ ಝಗಮಗಿಸುವ ದೀಪಗಳು, ಓರೆಯಾಗಿ ಮೇಲೆದ್ದ ತಿರುವುಗಳು, ಅರವತ್ತು ಮೀಟರ್ ಮುಗಿಸಿದವರು ವೇಗ ತಡೆಯಲಾರದೆ ಹೋಗಿ ಒರಗುವ ಮೆತ್ತೆ ಹಾಕಿದ ಗೋಡೆ. ನೋಡಿದ ಮೇಲೆ ನೀವು ಹೇಳುವ ಮಾತೂ ನನಗೆ ಗೊತ್ತು: “ಇಂಥದ್ದೊಂದು ಬೊಮ್ಮಸಂದ್ರದಲ್ಲಿ ಇದ್ದಿದ್ದರೆ!” ಆಸೆ ತಪ್ಪಲ್ಲ. ಬೆಂಗಳೂರಿನಲ್ಲೇ ಅಂಥ ಟ್ರ್ಯಾಕ್ ಇಲ್ಲ. ಭುವನೇಶ್ವರದ ಕಳಿಂಗ ಕ್ರೀಡಾ ಸಂಕೀರ್ಣದಲ್ಲಿ ಒಂದು ಬಂದಿದೆ, ನಮ್ಮಲ್ಲೂ ಬರಬೇಕು, ಅದಕ್ಕಾಗಿ ಕೇಳಲೂಬೇಕು. ಆದರೆ ಆ ಚಾಂಪಿಯನ್‌ಷಿಪ್‌ಗಳಿಂದ ನೀವು ಇವತ್ತೇ ಕಲಿಯಬಹುದಾದ ಸಂಗತಿಯೊಂದಿದೆ, ಅದಕ್ಕೆ ಸೂರೂ ಬೇಡ, ಟ್ರ್ಯಾಕೂ ಬೇಡ.

ಮೊದಲು ಆ ಜಾಗ ಎಂಥದ್ದು ಎಂದು ತಿಳಿದುಕೊಳ್ಳಿ. ಹೊರಗಿನ ಟ್ರ್ಯಾಕ್ ಒಂದು ಸುತ್ತಿಗೆ 400 ಮೀಟರ್, ಒಳಗಿನದು 200. ನೂರು ಮೀಟರಿನ ಬದಲು ಅರವತ್ತು. ಮಹಿಳೆಯರ 60 ಮೀಟರ್ ಹರ್ಡಲ್ಸ್‌ನಲ್ಲಿ ಬರೀ ಐದು ಅಡೆತಡೆಗಳು: ಹೊರಟಲ್ಲಿಂದ 13 ಮೀಟರಿಗೆ ಮೊದಲನೆಯದು, ಆಮೇಲೆ ಎಂಟೂವರೆ ಮೀಟರಿಗೊಂದು, ಕೊನೆಯದನ್ನು ದಾಟಿದ ಮೇಲೆ ಮತ್ತೆ 13 ಮೀಟರ್. ಎಂಟು ಸೆಕೆಂಡಿನ ಆಸುಪಾಸಿನಲ್ಲಿ ಎಲ್ಲ ಮುಗಿದುಹೋಗುತ್ತದೆ. ಜಾವೆಲಿನ್, ಡಿಸ್ಕಸ್, ಹ್ಯಾಮರ್ ಎಸೆಯಲು ಅಲ್ಲಿ ಜಾಗವೇ ಇಲ್ಲ. ಜಾವೆಲಿನ್ ಎಸೆಯುವ ನಮ್ಮ ಹಾಸನ ಜಿಲ್ಲೆಯ ಡಿ.ಪಿ. ಮನುವಾಗಲಿ, ಡಿಸ್ಕಸ್ ಎಸೆದ ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡರಾಗಲಿ ಎಷ್ಟೇ ಬಲಶಾಲಿಗಳಾದರೂ ಅಲ್ಲಿ ಅವರ ಆ ಸ್ಪರ್ಧೆಗಳಿಲ್ಲ. ಇನ್ನೊಂದು ದೊಡ್ಡ ವ್ಯತ್ಯಾಸ, ಅಲ್ಲಿ ಗಾಳಿ ಇಲ್ಲ. ಬೆನ್ನಿಗೆ ಬೀಸಿ ನೂಕುವ ಗಾಳಿಯೂ ಇಲ್ಲ, ಎದುರು ಬಂದು ತಡೆಯುವ ಗಾಳಿಯೂ ಇಲ್ಲ. ಗಡಿಯಾರದಲ್ಲಿ ಬಿದ್ದ ಸಮಯ ಪೂರ್ತಿ ಓಡಿದವರದ್ದೇ.

ಈ ಗಾಳಿಯ ಮಾತು ಯಾಕೆ ತೆಗೆದೆನೆಂದರೆ ಹರ್ಡಲ್ಸ್ ಓಟಗಾರ್ತಿ ಜ್ಯೋತಿ ಯರ್ರಾಜಿಯ ಕಥೆ ಹೇಳಬೇಕಿತ್ತು. ವಿಶಾಖಪಟ್ಟಣದ ಹುಡುಗಿ. ಅಪ್ಪ ಸೆಕ್ಯುರಿಟಿ ಗಾರ್ಡ್, ಅಮ್ಮ ಮನೆಗೆಲಸ ಮಾಡುತ್ತ ಆಸ್ಪತ್ರೆಯಲ್ಲಿ ಸ್ವಚ್ಛತಾ ಕೆಲಸವನ್ನೂ ಮಾಡಿದವರು. ನಿಮ್ಮಲ್ಲಿ ಎಷ್ಟೋ ಜನರ ಅಪ್ಪಂದಿರು ಇಲ್ಲಿನ ಫ್ಯಾಕ್ಟರಿ ಗೇಟುಗಳಲ್ಲಿ ಅದೇ ಗಾರ್ಡ್ ಕೆಲಸದ ನೀಲಿ ಅಂಗಿ ತೊಟ್ಟು ರಾತ್ರಿ ಪಾಳಿ ಮಾಡುತ್ತಾರೆ, ಅಮ್ಮಂದಿರು ಇಲ್ಲಿನ ಆಸ್ಪತ್ರೆಗಳಲ್ಲಿ ಹೌಸ್‌ಕೀಪಿಂಗ್‌ಗೆ ಹೋಗುತ್ತಾರೆ. ಹಾಗಾಗಿ ಆಕೆ ಎಲ್ಲಿಂದ ಹೊರಟಳು ಎಂದು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

2020ರ ಜನವರಿಯಲ್ಲಿ ನಮ್ಮ ಮೂಡುಬಿದಿರೆಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟ ನಡೆಯಿತು. 100 ಮೀಟರ್ ಹರ್ಡಲ್ಸ್‌ನಲ್ಲಿ ಜ್ಯೋತಿ 13.03 ಸೆಕೆಂಡಿನಲ್ಲಿ ಮುಗಿಸಿದಳು. ಆಗ ರಾಷ್ಟ್ರೀಯ ದಾಖಲೆ 13.38, ಅದು ಅನುರಾಧಾ ಬಿಸ್ವಾಲ್ 2002ರಲ್ಲಿ ಮಾಡಿದ್ದು. ಹದಿನೇಳು ವರ್ಷ ಯಾರೂ ಮುಟ್ಟದ ದಾಖಲೆಯನ್ನು ಕರಾವಳಿಯ ನೆಲದಲ್ಲಿ ಒಬ್ಬ ವಿದ್ಯಾರ್ಥಿನಿ ಮುರಿದುಹಾಕಿದ್ದಳು. ಆದರೆ ಅದು ದಾಖಲೆ ಪುಸ್ತಕಕ್ಕೆ ಹೋಗಲಿಲ್ಲ. ಓಟದ ನಂತರ ಉದ್ದೀಪನ ಮದ್ದಿನ ಪರೀಕ್ಷೆ ಆಗಿರಲಿಲ್ಲ, ಅಥ್ಲೆಟಿಕ್ಸ್ ಫೆಡರೇಷನ್ನಿನ ತಾಂತ್ರಿಕ ಪ್ರತಿನಿಧಿ ಅಲ್ಲಿ ಇರಲಿಲ್ಲ. ಎರಡು ವರ್ಷದ ಮೇಲೆ, 2022ರ ಏಪ್ರಿಲ್‌ನಲ್ಲಿ, ಕೋಯಿಕ್ಕೋಡಿನ ಫೆಡರೇಷನ್ ಕಪ್‌ನಲ್ಲಿ 13.09 ಓಡಿದಳು. ಅದೂ ದಾಖಲೆಗಿಂತ ಎಷ್ಟೋ ಚುರುಕು. ಆದರೆ ಬೆನ್ನಿಗಿದ್ದ ಗಾಳಿಯ ವೇಗ ಸೆಕೆಂಡಿಗೆ 2.1 ಮೀಟರ್, ನಿಯಮ ಒಪ್ಪುವುದು 2.0 ಮಾತ್ರ. ಅದೂ ಹೋಯಿತು. ಮುಂದಿನ ತಿಂಗಳು, ಮೇ 10ರಂದು, ಸೈಪ್ರಸ್‌ನಲ್ಲಿ 13.23 ಓಡಿದಳು. ಮೊದಲೆರಡಕ್ಕಿಂತ ನಿಧಾನ. ಆದರೆ ಅಲ್ಲಿ ಗಾಳಿಯ ಅಳತೆ ಸರಿಯಾಗಿತ್ತು, ಎಲ್ಲ ವ್ಯವಸ್ಥೆ ನಿಯಮದಂತಿತ್ತು. ದಾಖಲೆಯಾಗಿದ್ದು ಅದೇ.

ಅಲ್ಲಿಂದ ಮುಂದೆ ಒಳಾಂಗಣದ ಸರದಿ. 2023ರ ಫೆಬ್ರುವರಿಯಲ್ಲಿ ಕಜಾಕಸ್ತಾನದ ಅಸ್ತಾನಾದಲ್ಲಿ ಏಷ್ಯನ್ ಒಳಾಂಗಣ ಚಾಂಪಿಯನ್‌ಷಿಪ್, 60 ಮೀಟರ್ ಹರ್ಡಲ್ಸ್‌ನಲ್ಲಿ 8.13 ಸೆಕೆಂಡ್, ಬೆಳ್ಳಿ. ಮರುವರ್ಷ ಅದೇ ತಿಂಗಳು ಟೆಹರಾನ್‌ನಲ್ಲಿ 8.12, ಚಿನ್ನ. ಸೂರಿನ ಕೆಳಗೆ ಯಾವ ಗಾಳಿಯೂ ಅವಳ ಓಟವನ್ನು ಅಳಿಸಿಹಾಕಲು ಬರಲಿಲ್ಲ. ಎರಡು ಬಾರಿ ಕೈತಪ್ಪಿದ್ದನ್ನು ನೆನೆದು ಆ ಹುಡುಗಿ ಸಿಟ್ಟಿನಿಂದ ಕ್ರೀಡೆ ಬಿಟ್ಟಿದ್ದರೆ ನಾವು ತಪ್ಪು ಹೇಳುವಂತಿರಲಿಲ್ಲ. ಬಿಡಲಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಎದೆ ತುಂಬಿಬರುತ್ತದೆ.

ನನ್ನ ದುಡಿಮೆಯೆಲ್ಲ ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಇನ್ಸ್‌ಪೆಕ್ಷನ್ ಟೇಬಲ್ಲಿನ ಮುಂದೆ ಕಳೆಯಿತು. ಲೇತಿನಿಂದ ಬಂದ ಪೀಸು ನೋಡಲು ಎಷ್ಟೇ ಹೊಳೆಯಲಿ, ಮೈಕ್ರೋಮೀಟರಿನಲ್ಲಿ ಅಳತೆ ಕೂತು, ಕಾರ್ಡಿನ ಮೇಲೆ ಮೊಹರು ಬೀಳುವ ತನಕ ಅದು ಗಾಡಿ ಹತ್ತುವುದಿಲ್ಲ. ನಿಮ್ಮ ಓಟವೂ ಹಾಗೆಯೇ. ವೇಗ ನಿಮ್ಮ ಕಾಲಿನಲ್ಲಿರಬಹುದು, ಅದು ಅಳತೆಗೆ ಸಿಕ್ಕಿ, ನಿಯಮಕ್ಕೆ ಒಪ್ಪಿದರೆ ಮಾತ್ರ ನಿಮ್ಮದಾಗುತ್ತದೆ.

ಭಾನುವಾರ ಬೆಳಿಗ್ಗೆ ಲಾರಿಗಳಿಲ್ಲದ ಹೊತ್ತಿನಲ್ಲಿ ನೀವು ಓಡುವ ರಸ್ತೆಗೆ ಬಂದಿದ್ದೆ, ನೆನಪಿದೆಯಲ್ಲ. ಒಬ್ಬ ಹುಡುಗ ಮೊಬೈಲು ತೋರಿಸಿ, “ಅರವತ್ತು ಮೀಟರ್ 6.9 ಸೆಕೆಂಡ್ ಸಾರ್” ಎಂದ. ಮುಖ ಅರಳಿತ್ತು. ಗುರುತು ಹಾಕಿದ್ದು ಹೇಗೆಂದು ಕೇಳಿದರೆ ಹೆಜ್ಜೆ ಲೆಕ್ಕದಲ್ಲಿ. ಸ್ಟೀಲ್ ಟೇಪು ಹಿಡಿದು ಇಬ್ಬರೂ ಅಳೆದೆವು. ಚಾಕ್‌ಪೀಸಿನ ಗೆರೆಯಿಂದ ಸ್ಪೀಡ್ ಬ್ರೇಕರಿನ ಅಂಚಿನವರೆಗೆ 57 ಮೀಟರಿಗೆ ಸ್ವಲ್ಪ ಹೆಚ್ಚಿತ್ತು. ಮೊಬೈಲು ಹಿಡಿದ ಗೆಳೆಯ ನಿಂತಿದ್ದು ಕೊನೆಯ ಗೆರೆಯಲ್ಲಿ, ಬೆರಳು ಒತ್ತಿದ್ದು “ಗೋ” ಎಂಬ ಕೂಗು ಕಿವಿಗೆ ಬಿದ್ದ ಮೇಲೆ. ಕೈಯಲ್ಲಿ ಹಿಡಿದ ಗಡಿಯಾರ ಸಾಮಾನ್ಯವಾಗಿ ಓಟಗಾರನ ಪರವಾಗಿಯೇ ತಪ್ಪುತ್ತದೆ. ಅದಕ್ಕೇ ಸ್ಪ್ರಿಂಟ್‌ಗಳ ಕೈಯಿಂದ ಅಳೆದ ಸಮಯವನ್ನು ಎಲೆಕ್ಟ್ರಾನಿಕ್ ಸಮಯದ ಪಕ್ಕ ಇಟ್ಟು ನೋಡುವಾಗ 0.24 ಸೆಕೆಂಡ್ ಕೂಡಿಸುವ ಪದ್ಧತಿ ಇದೆ. ಅರವತ್ತು ಮೀಟರಿನಲ್ಲಿ 0.24 ಎಂದರೆ ಒಂದು ಪದಕಕ್ಕೂ ಎಂಟನೇ ಸ್ಥಾನಕ್ಕೂ ಇರುವ ಅಂತರ. ಆ ಹುಡುಗನ ಮುಖ ಬಾಡಿದ್ದು ನನಗೆ ಸಂಕಟವಾಯಿತು. ಆದರೂ ಅಳೆದಿದ್ದು ಒಳ್ಳೆಯದೇ ಆಯಿತು. ಸುಳ್ಳು 6.9 ಅವನನ್ನು ಮುಂದೆ ಯಾವುದೋ ಕೂಟದಲ್ಲಿ ಎಲ್ಲರೆದುರು ಕುಗ್ಗಿಸುತ್ತಿತ್ತು. ಇನ್ನು ಮೇಲೆ ಟೇಪಿನಿಂದಲೇ ಅಳೆಯಿರಿ. ನೋಟ್‌ಬುಕ್ಕಿನಲ್ಲಿ ಸಮಯ ಬರೆಯುವಾಗ ಕೈಯಿಂದ ಅಳೆದದ್ದು ಎಂದು ಪಕ್ಕದಲ್ಲಿ ನಮೂದಿಸಿ.

ಇನ್ನು ಲೇನಿನ ಗೆರೆಯ ವಿಷಯಕ್ಕೆ ಬರುತ್ತೇನೆ. ಟೆಹರಾನ್‌ನಲ್ಲಿ ಜ್ಯೋತಿ ಗೆದ್ದ ಅದೇ 2024ರ ಚಾಂಪಿಯನ್‌ಷಿಪ್‌ನಲ್ಲಿ 3000 ಮೀಟರ್ ಓಟದ ಕೊನೆಯ ಗೆರೆಯನ್ನು ಮೊದಲು ಮುಟ್ಟಿದವರು ನಮ್ಮ ಸೇನೆಯ ಗುಲ್ವೀರ್ ಸಿಂಗ್. ಸುದ್ದಿ ಹರಡಿತು, ದೇಶ ಸಂಭ್ರಮಿಸಿತು. ಆಮೇಲೆ ಲೇನ್ ಉಲ್ಲಂಘನೆ ಎಂದು ಅನರ್ಹಗೊಳಿಸಿದರು, ಚಿನ್ನ ಹೋಯಿತು. 200 ಮೀಟರಿನ ಟ್ರ್ಯಾಕಿನಲ್ಲಿ 3000 ಎಂದರೆ ಹದಿನೈದು ಸುತ್ತು, ಮೂವತ್ತು ತಿರುವು, ಹೊರಗಿನ ಟ್ರ್ಯಾಕಿನ ಎರಡರಷ್ಟು. ತಿರುವುಗಳು ಬಿಗಿ, ಮೈ ಒಳಕ್ಕೆ ವಾಲುತ್ತದೆ, ಪಕ್ಕದವನ ಮೊಣಕೈ ತಾಗುತ್ತಿರುತ್ತದೆ, ಕಾಲು ಗೆರೆಯ ಹತ್ತಿರವೇ ಬೀಳುತ್ತಿರುತ್ತದೆ. ಅಂಥ ನಷ್ಟ ಕಂಡ ಮನುಷ್ಯ ಮುಂದಿನ ವರ್ಷ ಏನು ಮಾಡಿದರು ಗೊತ್ತೆ? ಅದೇ ಬಗೆಯ ಒಳಾಂಗಣ ಟ್ರ್ಯಾಕಿಗೆ ಹೋದರು. 2025ರ ಫೆಬ್ರುವರಿಯಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ 5000 ಮೀಟರ್, ಅಂದರೆ ಇಪ್ಪತ್ತೈದು ಸುತ್ತು, ಐವತ್ತು ತಿರುವು. 12 ನಿಮಿಷ 59.77 ಸೆಕೆಂಡ್. ಹದಿಮೂರು ನಿಮಿಷದೊಳಗೆ ಆ ದೂರ ಓಡಿದ ಮೊದಲ ಭಾರತೀಯ, ಜೊತೆಗೆ ಏಷ್ಯಾದ ಒಳಾಂಗಣ ದಾಖಲೆ. ನನ್ನ ಪ್ರಕಾರ ಈಚಿನ ವರ್ಷಗಳಲ್ಲಿ ನಮ್ಮ ಅಥ್ಲೆಟಿಕ್ಸ್ ಕಂಡ ಅತಿ ದೊಡ್ಡ ಓಟಗಳಲ್ಲಿ ಅದೂ ಒಂದು, ಅದಕ್ಕೆ ಸಿಕ್ಕ ಚಪ್ಪಾಳೆ ಸಾಲದು.

ನಿಯಮ ತಿಳಿದಿರುವುದು ನಿಮ್ಮನ್ನು ಕಾಪಾಡಲೂಬಲ್ಲದು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಜ್ಯೋತಿಯ ಪಕ್ಕದ ಲೇನಿನ ಚೀನಾದ ಓಟಗಾರ್ತಿ ಗುಂಡಿನ ಸದ್ದಿಗೆ ಮೊದಲೇ ಕದಲಿದಳು, ಜೊತೆಗೆ ಜ್ಯೋತಿಯನ್ನೂ ಹೊರಗಿಡಲು ಹೊರಟರು. ಜ್ಯೋತಿ ಅಲ್ಲೇ ನಿಂತು ವಾದಿಸಿದಳು, ದೃಶ್ಯ ನೋಡಿ ಎಂದಳು. ಓಡಲು ಬಿಟ್ಟರು. ಕೊನೆಗೆ ಅವಳಿಗೆ ಬೆಳ್ಳಿ ಬಂತು. ಎದುರಿಗೆ ಅಧಿಕಾರಿ ನಿಂತಾಗ ತಲೆ ತಗ್ಗಿಸಿ ಹೊರಗೆ ನಡೆಯುವುದು ನಮ್ಮ ಮಕ್ಕಳ ಅಭ್ಯಾಸ. ನಿಯಮ ಗೊತ್ತಿದ್ದರೆ ಮರ್ಯಾದೆಯಿಂದಲೇ ನಿಂತು ಕೇಳಬಹುದು.

ಈಗ ಹೇಳುವ ಮಾತನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಇಟ್ಟುಕೊಳ್ಳಿ. ನಮ್ಮ ಉಡುಪಿ ಜಿಲ್ಲೆಯ ಸಿದ್ದಾಪುರದ ಬಳಿಯ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ 2010ರ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದರು. ಕೃಷಿಕರ ಮನೆಯ ಮಗಳು, ಇಡೀ ಕರ್ನಾಟಕ ಹೆಮ್ಮೆಪಟ್ಟಿತು. ಮರುವರ್ಷ ಪರೀಕ್ಷೆಯಲ್ಲಿ ನಿಷೇಧಿತ ಮದ್ದಿನ ಅಂಶ ಸಿಕ್ಕಿತು. ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಬಂದಿದ್ದು, ತಮಗೆ ಗೊತ್ತಿರಲಿಲ್ಲ ಎಂದು ಹೇಳಿದರು. ನಮ್ಮ ದೇಶದ ಶಿಸ್ತು ಸಮಿತಿ ಒಂದು ವರ್ಷದ ಶಿಕ್ಷೆ ವಿಧಿಸಿದ್ದನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಎರಡು ವರ್ಷಕ್ಕೆ ಏರಿಸಿತು. 2012ರ ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಅವರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ, ಅಷ್ಟು ದೂರ ಹೋದ ಮಗಳಿಗೆ ಹಾಗಾದದ್ದು ಇವತ್ತಿಗೂ ನೋವು. ನಿಯಮ ಹಾಗಿದೆ: ಯಾರು ಕೊಟ್ಟರು, ಯಾಕೆ ಕೊಟ್ಟರು ಎಂಬುದು ಆಮೇಲಿನ ಮಾತು, ದೇಹದಲ್ಲಿ ಸಿಕ್ಕಿದ್ದಕ್ಕೆ ಉತ್ತರ ಹೇಳಬೇಕಾದವರು ನೀವೇ. ನಮ್ಮಲ್ಲಿ ಪ್ರತಿ ಜಿಮ್ಮಿನಲ್ಲೂ ಬಣ್ಣಬಣ್ಣದ ಡಬ್ಬಿಗಳು ಮಾರಾಟಕ್ಕಿವೆ. ಹದಿನೈದರ ಹುಡುಗರಿಗೆ “ಬೇಗ ಮೈ ಬರುತ್ತೆ” ಎಂದು ಕೊಡುತ್ತಾರೆ. ಮುಟ್ಟಬೇಡಿ. ಕೆಮ್ಮಿನ ಔಷಧಿ ಬರೆಸಿಕೊಳ್ಳುವಾಗಲೂ ನಾನು ಕ್ರೀಡಾಪಟು ಎಂದು ಡಾಕ್ಟರಿಗೆ ಮೊದಲೇ ಹೇಳಿ. ನಿಮಗೆ ಈಗ ಬೇಕಾಗಿರುವುದು ರಾಗಿಮುದ್ದೆ, ಬೇಳೆ, ಮೊಟ್ಟೆ, ಮತ್ತು ನಿದ್ದೆ. ಒಂದೇ ಕೋಣೆಯ ಮನೆಯಲ್ಲಿ, ಅಪ್ಪ ಪಾಳಿ ಮುಗಿಸಿ ಬರುವ ಹೊತ್ತಿನಲ್ಲಿ, ನಿದ್ದೆ ಸಿಗುವುದು ಎಷ್ಟು ಕಷ್ಟವೆಂದು ಬಲ್ಲೆ. ಆದರೂ ರೀಲ್ಸ್ ನೋಡುವ ಗಂಟೆಯನ್ನಾದರೂ ನಿದ್ದೆಗೆ ಕೊಡಿ.

ವಯಸ್ಸಿನ ವಿಷಯದಲ್ಲೂ ಹೀಗೆಯೇ. ಜನನ ಪತ್ರದಲ್ಲಿ ಎರಡು ವರ್ಷ ಕಡಿಮೆ ಬರೆಸಿಬಿಡಿ, ಅಂಡರ್ 16ರಲ್ಲಿ ಪದಕ ಗ್ಯಾರಂಟಿ ಎಂದು ನಿಮ್ಮ ಅಪ್ಪ ಅಮ್ಮನಿಗೆ ಹೇಳುವವರಿದ್ದಾರೆ. ಅವರನ್ನು ಮನೆಯೊಳಗೆ ಬಿಡಬೇಡಿ. ಮೂಳೆಯ ಬೆಳವಣಿಗೆ ನೋಡಿ ವಯಸ್ಸು ಅಂದಾಜು ಮಾಡುವ ಪರೀಕ್ಷೆ ಇದೆ. ಅದಕ್ಕಿಂತ ಹೆಚ್ಚಾಗಿ, ಚಿಕ್ಕವರ ಜೊತೆ ಓಡಿ ಗೆದ್ದವರಿಗೆ ತಮ್ಮ ನಿಜವಾದ ವೇಗ ಎಷ್ಟೆಂಬುದೇ ತಿಳಿಯದೆ ಹೋಗುತ್ತದೆ, ದೊಡ್ಡವರ ವಿಭಾಗಕ್ಕೆ ಬಂದಾಗ ದಿಕ್ಕು ತಪ್ಪುತ್ತದೆ.

ಕೊನೆಯದಾಗಿ ಕೆಲವು ನೇರ ಮಾತು. ಕಾಂಕ್ರೀಟ್ ರಸ್ತೆಯಲ್ಲಿ ದಿನವೂ ಜೋರಾಗಿ ಓಡಬೇಡಿ, ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆ ನೋಯಲು ಶುರುವಾದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ವಾರದಲ್ಲಿ ಹೆಚ್ಚಿನ ದಿನ ಮಣ್ಣಿನ ಮೈದಾನ ಹುಡುಕಿ. ಅರವತ್ತು ಮೀಟರ್ ವಿದೇಶದ ಸೂರಿನ ಕೆಳಗಿನವರದ್ದು ಮಾತ್ರ ಎಂದು ತಿಳಿಯಬೇಡಿ. ರಾಷ್ಟ್ರೀಯ ಅಂತರ ಜಿಲ್ಲಾ ಜೂನಿಯರ್ ಕೂಟದಲ್ಲಿ ಹದಿನಾಲ್ಕರ ಒಳಗಿನವರ ಮೂರು ಸ್ಪರ್ಧೆಗಳ ಟ್ರಯಥ್ಲಾನ್‌ನಲ್ಲಿ ಅದೇ ದೂರವಿದೆ, ನಮ್ಮ ಆನೇಕಲ್ ತಾಲ್ಲೂಕಿನ ನೀವು ಬೆಂಗಳೂರು ನಗರ ಜಿಲ್ಲೆಯ ಆಯ್ಕೆಗೆ ಹೋಗಬಹುದು. ಕೂಟಗಳು ನಡೆಯುವ ಬೆಂಗಳೂರಿನ ಕಂಠೀರವ ಕ್ರೀಡಾಂಗಣ ಈಗ ದೂರವಲ್ಲ. 2025ರ ಆಗಸ್ಟ್‌ನಿಂದ ಹಳದಿ ಮೆಟ್ರೊ ಬೊಮ್ಮಸಂದ್ರಕ್ಕೇ ಬಂದಿದೆ. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು. 2023ರ ಅಕ್ಟೋಬರಿನಲ್ಲಿ ಕರ್ನಾಟಕದ ಹುಡುಗ ಮಣಿಕಂಠ ಹೋಬಳಿದಾರ್ ನೂರು ಮೀಟರನ್ನು 10.23 ಸೆಕೆಂಡಿನಲ್ಲಿ ಓಡಿ ಅಂದಿನ ರಾಷ್ಟ್ರೀಯ ದಾಖಲೆ ಬರೆದದ್ದು ಅದೇ ಟ್ರ್ಯಾಕಿನಲ್ಲಿ.

ಕೂಟ ನಿಗದಿಯಾದರೆ ಮೊದಲ ರೈಲಿಗೇ ಹೊರಡಿ, ಹೆಸರು ನೋಂದಾಯಿಸುವ ಮೇಜಿನ ಮುಂದೆ ತಡವಾಗಿ ಹೋದವರ ಮಾತು ಯಾರೂ ಕೇಳುವುದಿಲ್ಲ. ಅಸಲು ಜನನ ಪತ್ರ, ಆಧಾರ್, ಎರಡು ಫೋಟೊ ಒಂದು ಪ್ಲಾಸ್ಟಿಕ್ ಕವರಿನಲ್ಲಿರಲಿ. ಬಿಬ್ ಸಂಖ್ಯೆಗೆ ನಾಲ್ಕು ಸೇಫ್ಟಿ ಪಿನ್ನು, ಪಕ್ಕದವನಿಗೆ ಕೊಡಲು ಇನ್ನು ನಾಲ್ಕು. ಓಟ ಮುಗಿದ ಮೇಲೆ ಫಲಿತಾಂಶದ ಹಾಳೆಯಲ್ಲಿ ನಿಮ್ಮ ಹೆಸರಿನ ಕಾಗುಣಿತ ಸರಿಯಿದೆಯೇ ನೋಡಿ, ತಪ್ಪಿದ್ದರೆ ಅಲ್ಲೇ ತಿದ್ದಿಸಿ, ಆಮೇಲೆ ಮನೆಗೆ ಫೋನ್ ಮಾಡಿ.