ಸಂಶೋಧನೆಯ ಮೂಲಸಾಮಗ್ರಿ ಮತ್ತು ವಿಶ್ವವಿದ್ಯಾಲಯದ ಗ್ರಂಥಾಲಯ

ಡಾ. ಫ. ಗು. ಹಳಕಟ್ಟಿಯವರು (1880–1964) ಬಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ನಡೆಸುತ್ತಲೇ ಮಠಗಳಿಗೂ ಮನೆಗಳಿಗೂ ಅಲೆದು ವಚನಗಳ ತಾಳೆಯೋಲೆಯ ಕಟ್ಟುಗಳನ್ನು ಕೂಡಿಸಿದ ಸಂಗತಿ ಕನ್ನಡಿಗರಿಗೆಲ್ಲ ವಿದಿತವಾದುದೇ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವು ಅಚ್ಚಾಗಿ ಹೊರಬಂದಿತು. ಗ್ರಂಥವು ಅಚ್ಚಾಯಿತಲ್ಲ, ಇನ್ನು ಓಲೆಗಳಿಂದೇನು ಪ್ರಯೋಜನವೆಂದು ಅಂದು ನಾಡಿನ ಓಲೆಗಳನ್ನೆಲ್ಲ ಹೊಳೆಗೆ ಬಿಟ್ಟಿದ್ದರೆ, ಮುಂದಿನ ಸಂಪಾದಕರಿಗೆ ಪಾಠಾಂತರಗಳನ್ನು ಹೋಲಿಸಿ ನೋಡುವ ಅವಕಾಶವೇ ಉಳಿಯುತ್ತಿರಲಿಲ್ಲ. 1993ರಲ್ಲಿ ಕರ್ನಾಟಕ ಸರ್ಕಾರವು 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನ ಸಾಹಿತ್ಯದಂತಹ ಕಾರ್ಯಕ್ಕೆ ಅಚ್ಚಿನ ಪುಸ್ತಕಗಳಷ್ಟೇ ಆಧಾರವಾಗಬೇಕಾಗುತ್ತಿತ್ತು.

ಓಲೆಗೆ ಸಲ್ಲುವ ಈ ಮಾತು ಇಂದಿನ ಎಲ್ಲ ಸಂಶೋಧನೆಗೂ ಸಲ್ಲುತ್ತದೆ. ಸಸ್ಯಶಾಸ್ತ್ರಜ್ಞನು ಅಳೆದ ಎಲೆಗಳ ಲೆಕ್ಕ, ಸಮಾಜಶಾಸ್ತ್ರಜ್ಞನು ಹಳ್ಳಿಗಳಲ್ಲಿ ತುಂಬಿಸಿದ ಪ್ರಶ್ನಾವಳಿ, ಜಾನಪದ ವಿದ್ವಾಂಸನು ಬೀಸುವ ಕಲ್ಲಿನ ಬಳಿ ಕುಳಿತು ಧ್ವನಿಮುದ್ರಿಸಿಕೊಂಡ ಹಾಡು ಇವೆಲ್ಲವೂ ಸಂಶೋಧನೆಯ ಮೂಲಸಾಮಗ್ರಿ. ಗ್ರಂಥಾಲಯಶಾಸ್ತ್ರದ ಪರಿಭಾಷೆಯಲ್ಲಿ ಇವಕ್ಕೆ ದತ್ತಾಂಶವೆಂದು ಹೆಸರು. ಪ್ರಬಂಧವು ಪ್ರಕಟವಾದೊಡನೆ ಈ ಸಾಮಗ್ರಿಯು ಸಾಮಾನ್ಯವಾಗಿ ಸಂಶೋಧಕನ ಕಪಾಟಿನಲ್ಲಿಯೋ ಗಣಕಯಂತ್ರದಲ್ಲಿಯೋ ಉಳಿದುಬಿಡುತ್ತದೆ. ಅವನು ನಿವೃತ್ತನಾದ ಮೇಲೆ ಅದರ ಗತಿಯನ್ನು ಕೇಳುವವರಿಲ್ಲ.

ಇದು ಬರಿಯ ಊಹೆಯಲ್ಲ. ಸಸ್ಯಗಳ ಮತ್ತು ಪ್ರಾಣಿಗಳ ದೇಹರಚನೆಯ ಅಳತೆಗಳನ್ನು ಆಧರಿಸಿದ, 2ರಿಂದ 22 ವರ್ಷ ಹಳೆಯದಾದ 516 ಲೇಖನಗಳ ಮೂಲ ಅಂಕಿಗಳನ್ನು ಟಿಮೊಥಿ ವೈನ್ಸ್ ಮತ್ತು ಸಂಗಡಿಗರು ಆಯಾ ಲೇಖಕರಿಂದ ಕೇಳಿ ನೋಡಿದರು. 2014ರಲ್ಲಿ ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ ಬಂದ ಅವರ ವರದಿಯ ಪ್ರಕಾರ, ಲೇಖನವು ಹಳೆಯದಾದಂತೆ ಅದರ ದತ್ತಾಂಶವು ಉಳಿದಿರುವ ಸಂಭವವು ಸಂಖ್ಯಾಶಾಸ್ತ್ರದ ಅನುಪಾತದಲ್ಲಿ ವರ್ಷಕ್ಕೆ ಶೇಕಡಾ 17ರಂತೆ ಕುಸಿಯುತ್ತದೆ. ಗೆದ್ದಲಿಗೆ ಕೂಡ ಇಷ್ಟು ಆತುರವಿರಲಾರದು!

ಮೂಲಸಾಮಗ್ರಿಯು ದೊರೆತರೆ ಏನಾಗುವುದೆಂಬುದಕ್ಕೆ ಅರ್ಥಶಾಸ್ತ್ರದ ಒಂದು ಪ್ರಸಂಗವನ್ನು ಇಲ್ಲಿ ತುಸು ವಿವರವಾಗಿ ಹೇಳುವುದು ಉಚಿತ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಪ್ರಸಿದ್ಧ ಅರ್ಥಶಾಸ್ತ್ರಜ್ಞರು, ಒಂದು ದೇಶದ ಸರ್ಕಾರಿ ಸಾಲವು ಅದರ ವಾರ್ಷಿಕ ಉತ್ಪನ್ನದ ಶೇಕಡಾ 90ನ್ನು ಮೀರಿದರೆ ಬೆಳವಣಿಗೆಯು ಬಹಳವಾಗಿ ಕುಗ್ಗುವುದೆಂದು ಬರೆದರು. ಸರ್ಕಾರಗಳು ವೆಚ್ಚವನ್ನು ಕಡಿತಗೊಳಿಸಬೇಕೆಂದು ವಾದಿಸುತ್ತಿದ್ದ ಯುರೋಪು ಅಮೆರಿಕಗಳ ರಾಜಕಾರಣಿಗಳಿಗೆ ಈ ಲೇಖನವು ಆಧಾರವಾಯಿತು. ವೆಚ್ಚದ ಕಡಿತವೆಂದರೆ ಸಾಮಾನ್ಯನ ಉದ್ಯೋಗ, ಪಿಂಚಣಿ, ಆಸ್ಪತ್ರೆಗಳ ಮಾತು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕೇಂದ್ರದಲ್ಲಿ ಓದುತ್ತಿದ್ದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಯು ತರಗತಿಯ ಅಭ್ಯಾಸಕ್ಕೆಂದು ಅದೇ ಲೆಕ್ಕವನ್ನು ಮತ್ತೆ ಮಾಡತೊಡಗಿದನು. ಎಷ್ಟು ಮಾಡಿದರೂ ಉತ್ತರ ಕೂಡಿಬರಲಿಲ್ಲ. ಕೊನೆಗೆ ಲೇಖಕರನ್ನೇ ಕೇಳಿದಾಗ ಅವರು ತಮ್ಮ ಲೆಕ್ಕದ ಹಾಳೆಯನ್ನು ಕಳುಹಿಸಿಕೊಟ್ಟರು. ತೆರೆದು ನೋಡಿದರೆ, ಸರಾಸರಿಯನ್ನು ತೆಗೆಯುವ ಸೂತ್ರವು 20 ದೇಶಗಳ ಪಟ್ಟಿಯಲ್ಲಿ 15ಕ್ಕೇ ನಿಂತುಹೋಗಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ ಮತ್ತು ಡೆನ್ಮಾರ್ಕ್ ಹೊರಗುಳಿದಿದ್ದವು. ಕೆಲವು ವರ್ಷಗಳ ಅಂಕಿಗಳನ್ನು ಬಿಟ್ಟದ್ದು, ದೇಶಗಳಿಗೆ ತೂಕ ಕೊಟ್ಟ ಕ್ರಮ ಇವುಗಳ ಪರಿಣಾಮವು ಸೂತ್ರದ ತಪ್ಪಿಗಿಂತ ದೊಡ್ಡದಾಗಿತ್ತು. 2013ರಲ್ಲಿ ಹರ್ನ್‌ಡನ್ ತನ್ನ ಇಬ್ಬರು ಪ್ರಾಧ್ಯಾಪಕರೊಡನೆ ಎಲ್ಲವನ್ನೂ ಸರಿಪಡಿಸಿ ತೋರಿಸಿದಾಗ, ಅಧಿಕ ಸಾಲದ ದೇಶಗಳ ಸರಾಸರಿ ಬೆಳವಣಿಗೆಯು ಶೇಕಡಾ −0.1ರ ಬದಲಿಗೆ 2.2 ಎಂದಾಯಿತು. ಲೇಖಕರು ಸೂತ್ರದ ತಪ್ಪನ್ನು ಒಪ್ಪಿಕೊಂಡರು. ತಮ್ಮ ಒಟ್ಟು ಅಭಿಪ್ರಾಯವನ್ನು ಮಾತ್ರ ಬಿಡಲಿಲ್ಲ. ಅವರು ಹಾಳೆಯನ್ನು ಕೊಟ್ಟದ್ದು ದೊಡ್ಡತನವೇ ಸರಿ. ಆದರೆ ವಿದ್ಯೆಯ ಪರೀಕ್ಷೆಯು ಒಬ್ಬರ ದೊಡ್ಡತನವನ್ನು ಕಾದು ಕುಳಿತುಕೊಳ್ಳುವಂತಿರಬಾರದು.

ಇಲ್ಲಿಯೇ ಗ್ರಂಥಾಲಯದ ಪಾತ್ರವು ಮೊದಲಾಗುತ್ತದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 2011ರ ಜನವರಿಯಿಂದ, ಧನಸಹಾಯವನ್ನು ಕೋರುವ ಪ್ರತಿಯೊಂದು ಅರ್ಜಿಯೊಡನೆ ದತ್ತಾಂಶ ನಿರ್ವಹಣೆಯ ಯೋಜನೆಯೂ ಇರಬೇಕೆಂದು ವಿಧಿಸಿತು. ಅದೇ ವರ್ಷ ಸ್ಕಾಟ್‌ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯವು ಈ ವಿಷಯದಲ್ಲಿ ತನ್ನದೇ ಆದ ನೀತಿಯನ್ನು ಅಂಗೀಕರಿಸಿತು. ಅದರಂತೆ ಮೊದಲ ಹೊಣೆ ಪ್ರಧಾನ ಸಂಶೋಧಕನದು. ತರಬೇತಿ, ಸಲಹೆ ಮತ್ತು ಸಂಗ್ರಹದ ವ್ಯವಸ್ಥೆಯನ್ನು ಒದಗಿಸುವುದು ವಿಶ್ವವಿದ್ಯಾಲಯದ ಹೊಣೆ.

ಗ್ರಂಥಪಾಲಕನು ಮಾಡುವುದೇನು? ಕೆಲಸವು ಆರಂಭವಾಗುವ ಮುನ್ನವೇ ಸಂಶೋಧಕನೊಡನೆ ಕುಳಿತು ಯಾವ ಸಾಮಗ್ರಿ ಕೂಡಲಿದೆ, ಎಲ್ಲಿ ಇಡತಕ್ಕದ್ದು, ಎಷ್ಟು ಪ್ರತಿಗಳಿರಬೇಕು ಎಂಬುದನ್ನು ನಿರ್ಧರಿಸುವನು. ಮುಂದೆ ಕಡತಗಳಿಗೆ ಹೆಸರಿಡುವ ಕ್ರಮವನ್ನು ಕಲಿಸುವನು. ಎಲ್ಲಕ್ಕಿಂತ ಮುಖ್ಯವಾದುದು ವಿವರಣೆ. ಹಾಡಿದವರು ಯಾರು, ಯಾವ ಊರು, ಯಾವ ತಿಥಿ ಎಂಬ ಚೀಟಿಯಿಲ್ಲದ ಧ್ವನಿಸುರುಳಿಯು ಅಂಕಿತವಿಲ್ಲದ ವಚನದಂತೆ. ಕೇಳಲು ಇಂಪಾಗಿದ್ದರೂ ಯಾರದೆಂದು ನಿರ್ಣಯಿಸುವುದು ಕಷ್ಟ. ಕೊನೆಯಲ್ಲಿ ಆ ಸಾಮಗ್ರಿಯನ್ನು ಭಂಡಾರದಲ್ಲಿರಿಸಿ, ಎಂದಿಗೂ ಬದಲಾಗದ ಗುರುತಿನ ಸಂಖ್ಯೆಯೊಂದನ್ನು ಕೊಡಲಾಗುತ್ತದೆ. ಇಂತಹ ಸಂಖ್ಯೆಗಳನ್ನು ದತ್ತಾಂಶಕ್ಕೆ ಒದಗಿಸಲೆಂದೇ 2009ರಲ್ಲಿ ‘ಡೇಟಾಸೈಟ್’ ಎಂಬ ಸಂಸ್ಥೆಯು ಸ್ಥಾಪಿತವಾಯಿತು.

ಎಲ್ಲವನ್ನೂ ಎಲ್ಲರಿಗೂ ತೆರೆದಿಡಬೇಕೆಂದು ಇದರ ಅರ್ಥವಾಗದು. ತನ್ನ ರೋಗವನ್ನೋ ಮನೆಯ ಸಾಲವನ್ನೋ ನಂಬಿ ಹೇಳಿಕೊಂಡ ಹಳ್ಳಿಯ ಹೆಣ್ಣುಮಗಳ ಹೆಸರು ಹೊರಬೀಳಕೂಡದು. ಹೆಸರನ್ನು ಅಳಿಸಿದರೂ ಊರು, ವಯಸ್ಸು, ಕಸುಬು ಮೂರೂ ಸೇರಿದರೆ ಚಿಕ್ಕ ಊರಿನಲ್ಲಿ ಆಕೆ ಯಾರೆಂದು ತಿಳಿದುಬಿಡುತ್ತದೆ. ಆದುದರಿಂದ ಯಾವುದನ್ನು ತೆರೆಯಬೇಕು, ಯಾವುದನ್ನು ಅನುಮತಿಯ ಮೇಲೆ ಮಾತ್ರ ತೋರಿಸಬೇಕು ಎಂಬ ವಿವೇಚನೆಯು ಈ ಸೇವೆಯ ಅತ್ಯಂತ ಕಠಿಣವಾದ ಭಾಗ.

ಭಾರತದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು 2002ರಷ್ಟು ಹಿಂದೆಯೇ ತನ್ನ ವಿದ್ವಾಂಸರ ಲೇಖನಗಳಿಗೆ ವಿದ್ಯುನ್ಮಾನ ಭಂಡಾರವನ್ನು ತೆರೆಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಗಳ ತರುವಾಯ ಡಾಕ್ಟರೇಟ್ ಪ್ರಬಂಧಗಳು ‘ಶೋಧಗಂಗಾ’ದಲ್ಲಿ ಕೂಡುತ್ತ ಬಂದಿವೆ. ಪ್ರಬಂಧವು ಅಲ್ಲಿ ದೊರೆಯುತ್ತದೆ. ಅದರ ಹಿಂದಿನ ತುಂಬಿದ ಪ್ರಶ್ನಾವಳಿಗಳೂ ಧ್ವನಿಸುರುಳಿಗಳೂ ಕ್ಷೇತ್ರದ ದಿನಚರಿಯೂ ಬಹುಮಟ್ಟಿಗೆ ಸಂಶೋಧಕನ ಮನೆಯಲ್ಲಿಯೇ ಇರುತ್ತವೆ. ಸ್ವಂತ ಭಂಡಾರವನ್ನು ಕಟ್ಟುವ ಶಕ್ತಿಯಿಲ್ಲದ ಕಾಲೇಜುಗಳಿಗೂ ದಾರಿಯುಂಟು. ಯುರೋಪಿನ ಸೆರ್ನ್ ಸಂಸ್ಥೆಯು 2013ರಿಂದ ನಡೆಸುತ್ತಿರುವ ‘ಝೆನೋಡೊ’ ಭಂಡಾರದಲ್ಲಿ ಯಾವ ದೇಶದ ಸಂಶೋಧಕನಾದರೂ ಶುಲ್ಕವಿಲ್ಲದೆ ತನ್ನ ದತ್ತಾಂಶವನ್ನು ಇರಿಸಬಹುದು. ಅದಕ್ಕೆ ಸೇರಿಸಬೇಕಾದ ಊರು, ತಿಥಿ, ಹೆಸರುಗಳ ಚೀಟಿಯನ್ನು ಮಾತ್ರ ಇಲ್ಲಿಯವರೇ ಬರೆಯಬೇಕು. ಅದೂ ಹಾಡಿದವರು ಬದುಕಿರುವಾಗಲೇ.