ಉದ್ರಿ ಪುಸ್ತಕ ಬರೆದ ಕೈ

ಪ್ರಶ್ನೆ: ಅಕ್ಕಾ, ನಾನು ರಾಣೆಬೆನ್ನೂರಿನವಳು. ಹೋದ ವರ್ಷ ಬಿ.ಕಾಂ ಮುಗಿಸಿದೆ, ಶೇ 71 ಬಂದಿದೆ. ಹುಬ್ಬಳ್ಳಿ, ದಾವಣಗೆರೆಯಲ್ಲಿ ನಾಲ್ಕು ಇಂಟರ್‌ವ್ಯೂ ಆದವು. ಎಲ್ಲರೂ ‘ತಿಳಿಸ್ತೀವಿ’ ಅಂದರು. ಒಬ್ಬರು ಮಾತ್ರ ‘ಮಾರ್ಕ್ಸ್ ಇದೆಯಮ್ಮ, ಸ್ಕಿಲ್ ಇಲ್ಲ, ಕಮ್ಯುನಿಕೇಶನ್ ಸಾಲದು’ ಎಂದು ನೇರವಾಗಿ ಹೇಳಿದರು. ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಊರು, ಕಾಲೇಜು, ಅಪ್ಪನ ಹೆಸರು ಹೇಳಿ ನಿಂತುಬಿಡುತ್ತೇನೆ. ಇಲ್ಲೊಂದು ಇನ್‌ಸ್ಟಿಟ್ಯೂಟಿನವರು 18 ಸಾವಿರ ಕಟ್ಟಿದರೆ ಎರಡು ತಿಂಗಳಲ್ಲಿ ಎಲ್ಲ ಸ್ಕಿಲ್ ಕಲಿಸುತ್ತಾರಂತೆ. ಸೇರಲೇ? ಅಪ್ಪನದು ಬೀಜ-ಗೊಬ್ಬರದ ಅಂಗಡಿ. ಪಿಯುಸಿಯಿಂದಲೂ ಸಂಜೆ ಉದ್ರಿ ಪುಸ್ತಕ ಬರೆಯುವುದು ನಾನೇ. ಬರೆಯುತ್ತಾ ಕೂತಾಗಲೂ ಇದೇ ಚಿಂತೆ. ಮನೆಯಲ್ಲಿ ಮದುವೆಯ ಮಾತೂ ಶುರುವಾಗಿದೆ.

ಉತ್ತರ: ಅಕ್ಕಾ ಎಂದು ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಮಾತಾಡುತ್ತೇನೆ ತಂಗಿ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಉದ್ರಿ ಪುಸ್ತಕದ ಮಾತು. ನೀನು ಅದನ್ನು ಚಿಂತೆಯ ನಡುವೆ ಸುಮ್ಮನೆ ಹೇಳಿ ಮುಂದೆ ಹೋಗಿದ್ದೀಯ. ನಾಲ್ಕು ಇಂಟರ್‌ವ್ಯೂಗಳಲ್ಲಿ ಒಂದರಲ್ಲಾದರೂ ಅದನ್ನು ಬಾಯಿ ಬಿಟ್ಟು ಹೇಳಿದ್ದೀಯಾ? ಹೇಳಿರಲಾರೆ. ಅದು ಮನೆಗೆಲಸ, ಅದಕ್ಕೂ ನೌಕರಿಗೂ ಏನು ಸಂಬಂಧ ಅಂದುಕೊಂಡಿರುತ್ತೀಯ.

ಆ ಪುಸ್ತಕದಲ್ಲಿ ಏನಿದೆ ನೋಡು. ಜೂನ್ ಮಳೆಗೆ ಗೋವಿನಜೋಳದ ಬೀಜ, ಗೊಬ್ಬರ ಒಯ್ದವರ ಬಾಕಿ ಏರುತ್ತದೆ. ಸುಗ್ಗಿ ಮುಗಿದು ಮಾಲು ಮಾರಿದ ಮೇಲೆ ಇಳಿಯುತ್ತದೆ. ಯಾರಿಗೆ ಇನ್ನೊಂದು ಚೀಲ ಕೊಡಬಹುದು, ಯಾರಿಗೆ ‘ಹಳೇದು ಸ್ವಲ್ಪ ತೀರಿಸ್ರಿ’ ಅನ್ನಬೇಕು, ಅದನ್ನು ಮುಖ ಕೆಡದಂತೆ ಹೇಗೆ ಅನ್ನಬೇಕು, ಇದೆಲ್ಲ ನಿನಗೆ ಗೊತ್ತು. ಕಂಪನಿಗಳಲ್ಲಿ ಇದೇ ಕೆಲಸಕ್ಕೆ ‘ರಿಸೀವೇಬಲ್ಸ್’ ಎಂಬ ವಿಭಾಗ ಇರುತ್ತದೆ, ಸಂಬಳ ಕೊಟ್ಟು ಜನರನ್ನು ಕೂರಿಸಿರುತ್ತಾರೆ. ನಿನಗೆ ಸ್ಕಿಲ್ ಇಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಇರುವುದನ್ನು ಎದುರಿನವರಿಗೆ ಕಾಣುವಂತೆ ಹೇಳಲು ನಿನಗೆ ಯಾರೂ ಕಲಿಸಿಲ್ಲ, ಅಷ್ಟೇ.

ಹಾಗಾಗಿ ಆ 18 ಸಾವಿರ ಸದ್ಯಕ್ಕೆ ಮನೆಯಲ್ಲೇ ಇರಲಿ.

ಈ ವಾರ ಒಂದು ಕೆಲಸ ಮಾಡು. ಉದ್ರಿ ಪುಸ್ತಕದ ಕಳೆದ ಹಂಗಾಮಿನ ಹಾಳೆಗಳನ್ನು ಎಕ್ಸೆಲ್‌ಗೆ ಹತ್ತಿಸು. ತಾರೀಖು, ಹೆಸರು, ಊರು, ಸರಕು, ಮೊತ್ತ, ಜಮಾ, ಬಾಕಿ, ಹೀಗೆ ಏಳು ಕಾಲಂ ಸಾಕು. ತೊಂಬತ್ತು ದಿನ ದಾಟಿದ ಬಾಕಿ ಎಷ್ಟು, ಯಾವ ಊರಿನಿಂದ ಹೆಚ್ಚು ಎಂದು ತೆಗೆದು ನೋಡು. ಅದಕ್ಕೆ ಬೇಕಾಗುವ ಪಿವೋಟ್ ಟೇಬಲ್ ಎಂದರೆ ಹೆದರಬೇಡ, ಯೂಟ್ಯೂಬಿನಲ್ಲಿ ಕನ್ನಡದಲ್ಲೇ ಹೇಳಿಕೊಡುವವರಿದ್ದಾರೆ. ಮುಗಿದ ಮೇಲೆ ಅಪ್ಪನ ಮುಂದೆ ಇಡು. ಅವರು ಖಂಡಿತ ಒಂದೆರಡು ತಪ್ಪು ಹಿಡಿಯುತ್ತಾರೆ. ಆ ತಪ್ಪು ಹಿಡಿಯುವವರು ಎದುರಿಗೆ ಇರುವುದರಿಂದಲೇ ಕೆಲಸ ಕೈಗೆ ಹತ್ತುತ್ತದೆ. ಆ ಹಾಳೆಯನ್ನು ಇಂಟರ್‌ವ್ಯೂಗೂ ಒಯ್ಯಬಹುದು, ಆದರೆ ರೈತರ ಹೆಸರು ತೆಗೆದು ಒಯ್ಯಿ. ಗಿರಾಕಿಯ ಲೆಕ್ಕ ಬೇರೆಯವರಿಗೆ ತೋರಿಸಬಾರದೆಂಬ ಎಚ್ಚರ ನಿನಗಿದೆ ಎಂಬುದೂ ಅವರಿಗೆ ತಿಳಿಯಲಿ.

ಇನ್ನು ಕಮ್ಯುನಿಕೇಶನ್. ನಾನು ಮೊದಲ ನೌಕರಿಗೆ ಸೇರಿದಾಗ, ಹೊರಗೆ ಹೋಗಿದ್ದ ಮೇಲಧಿಕಾರಿಯ ಮೇಜಿನ ಮೇಲೆ ‘ಫೋನ್ ಬಂದಿತ್ತು’ ಎಂದು ಚೀಟಿ ಬರೆದಿಟ್ಟಿದ್ದೆ. ಅವರು ಅದನ್ನು ಹಿಡಿದುಕೊಂಡೇ ನನ್ನ ಹತ್ತಿರ ಬಂದರು. ಯಾರು, ಎಲ್ಲಿಂದ, ಯಾಕೆ, ಎಷ್ಟು ಹೊತ್ತಿಗೆ, ತಿರುಗಿ ಯಾವ ನಂಬರಿಗೆ ಮಾಡಬೇಕು? ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಕಣ್ಣಲ್ಲಿ ನೀರು ಬಂತು. ಆಮೇಲೆ ಬರೆದ ಚೀಟಿಗಳಲ್ಲಿ ಆ ಐದೂ ಇರುತ್ತಿದ್ದವು. ಕಚೇರಿಗಳು ಕಮ್ಯುನಿಕೇಶನ್ ಅನ್ನುವುದು ಹೆಚ್ಚಾಗಿ ಇದನ್ನೇ. ಮೊದಲು ಕನ್ನಡದಲ್ಲಿ ಹಾಗೆ ಹೇಳಲು ಬರಬೇಕು. ಇಂಗ್ಲಿಷ್ ಬೇಡ ಎಂದು ಮಾತ್ರ ನಾನು ಹೇಳುವುದಿಲ್ಲ, ಬೇಕೇ ಬೇಕು. ಆದರೆ ಇಡೀ ಭಾಷೆಯನ್ನು ಒಮ್ಮೆಗೇ ಗೆಲ್ಲಲು ಹೋಗಬೇಡ. ನಿನ್ನ ಕೆಲಸದ ಬಗ್ಗೆ ಮೂವತ್ತು ವಾಕ್ಯ ಇಂಗ್ಲಿಷಿನಲ್ಲಿ ಬರೆದುಕೊಂಡು ದಿನಾ ಗಟ್ಟಿಯಾಗಿ ಹೇಳು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳು. ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಗೆ ಉತ್ತರ ಆ ಮೂವತ್ತರಲ್ಲೇ ಸಿಗುತ್ತದೆ.

ಅಂಗಡಿಯ ಜಿಎಸ್‌ಟಿ ನೋಡುವ ಟ್ಯಾಕ್ಸ್ ಕನ್ಸಲ್ಟಂಟರು ಇರುತ್ತಾರಲ್ಲ, ಅಪ್ಪನ ಮೂಲಕ ಅವರನ್ನು ಕೇಳಿ ಎರಡು-ಮೂರು ತಿಂಗಳು ಅವರ ಹತ್ತಿರ ಕೂತು ಕಲಿ. ತಿಂಗಳ ರಿಟರ್ನ್ ಸಲ್ಲಿಸುವವರ ಜಿಎಸ್‌ಟಿಆರ್-1 ಮರುತಿಂಗಳ 11ರೊಳಗೆ, 3ಬಿ 20ರೊಳಗೆ ಹೋಗಬೇಕು. ಆ ತಾರೀಖುಗಳು ಹತ್ತಿರ ಬಂದಾಗ ಆ ಕಚೇರಿಯಲ್ಲಿ ಒಂದು ದಿನ ಕಳೆದರೆ, ಒತ್ತಡದಲ್ಲಿ ಕೆಲಸ ಮಾಡುವುದೆಂದರೆ ಏನೆಂದು ತಿಳಿಯುತ್ತದೆ. ಬಿತ್ತನೆ ಬೀಜಕ್ಕೆ ತೆರಿಗೆ ಇಲ್ಲ, ರಾಸಾಯನಿಕ ಗೊಬ್ಬರಕ್ಕೆ ಶೇ 5, ರಾಸಾಯನಿಕ ಕೀಟನಾಶಕಕ್ಕೆ ಶೇ 18. ಈ ಮೂರೂ ನಿಮ್ಮ ಅಂಗಡಿಯ ಒಂದೇ ಬಿಲ್ಲಿನಲ್ಲಿ ಬರಬಹುದು. ಕಾಲೇಜಿನ ಪುಸ್ತಕಕ್ಕಿಂತ ಆ ಬಿಲ್ಲಿನಿಂದಲೇ ನೀನು ಹೆಚ್ಚು ಕಲಿಯುತ್ತೀಯ.

ಇನ್ನೊಂದು ದಾರಿಯೂ ಇದೆ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಎಂಜಿನಿಯರಿಂಗ್ ಓದದ ಪದವೀಧರರಿಗೂ ತರಬೇತಿಯ ಅವಕಾಶ ತೆರೆಯಿತು. ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸು. ಸ್ಟೈಪೆಂಡ್ ಸಿಗುತ್ತದೆ, ಮುಗಿದ ಮೇಲೆ ಪ್ರಮಾಣಪತ್ರವೂ. ‘ಅನುಭವ ಇದೆಯಾ’ ಎಂಬ ಪ್ರಶ್ನೆಗೆ ಕಾಗದದ ಮೇಲಿನ ಉತ್ತರ ಅದು. ನೌಕರಿಗಿಂತ ಸ್ವಂತ ಉದ್ಯೋಗದತ್ತ ಮನಸ್ಸು ವಾಲಿದರೆ, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಊಟ-ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ. ಅದೇ ಮಾದರಿಯ ಆರ್‌ಸೆಟಿಗಳು ಜಿಲ್ಲೆಗಳಲ್ಲಿವೆ.

ಮದುವೆಯ ವಿಷಯಕ್ಕೆ ಬರೋಣ. ‘ಮದುವೆ ಬೇಡ’ ಎಂದರೆ ಮನೆಯಲ್ಲಿ ಜಗಳವಾದೀತು. ‘ಅಪ್ಪಾ, ಒಂದು ವರ್ಷ ಕೊಡು, ಪ್ರತಿ ತಿಂಗಳು ಏನು ಕಲಿತೆ ಎಂದು ಬರೆದು ತೋರಿಸುತ್ತೇನೆ’ ಎಂದು ಕೇಳು. ಲೆಕ್ಕ ಬಲ್ಲ ಮನುಷ್ಯ, ಗಡುವು ಇಟ್ಟು ಕೇಳಿದರೆ ಕಿವಿಗೊಡುತ್ತಾರೆ ಎಂದು ನನ್ನ ನಂಬಿಕೆ.

ಎಕ್ಸೆಲ್ ಹಾಳೆ ಮುಗಿದ ಮೇಲೆ ಅದರಲ್ಲಿ ನಿನಗೆ ಕಂಡದ್ದನ್ನು ಅಮ್ಮನಿಗೆ ಐದು ನಿಮಿಷದಲ್ಲಿ ಹೇಳಿ ನೋಡು. ಅವರು ಕೇಳುವ ಮೊದಲ ಪ್ರಶ್ನೆ ಏನೆಂದು ನನಗೆ ಬರೆ, ಮುಂದಿನದನ್ನು ಅಲ್ಲಿಂದ ಮಾತಾಡೋಣ.