ಮರುಕಳಿಸಿದಾಗ ಅವಸರ ಬೇಡ

ಅಂಡಾಶಯದ ಕ್ಯಾನ್ಸರ್ ಕಿಮೋಥೆರಪಿಯ ನಂತರ ಮರುಕಳಿಸಿದರೆ ಮನೆಮಂದಿ ಮೊದಲು ಕೇಳುವುದು, ಯಾವಾಗ ಶುರು ಮಾಡೋಣ ಎಂದು. ಕೇಳಬೇಕಾದದ್ದು, ಹಿಂದಿನ ಪ್ಲಾಟಿನಂ ಗುಂಪಿನ ಕಿಮೋ ಔಷಧ ಮುಗಿದು ಎಷ್ಟು ಕಾಲವಾಯಿತು ಎಂದು. ಆರು ತಿಂಗಳು ದಾಟಿದ್ದರೆ ಅದೇ ಗುಂಪಿನ ಔಷಧ ಮತ್ತೆ ಫಲ ಕೊಡುವ ಸಾಧ್ಯತೆ ಹೆಚ್ಚು. ಆಯ್ದ ಕೆಲವರಿಗೆ ಎರಡನೇ ಶಸ್ತ್ರಚಿಕಿತ್ಸೆಯೂ ನೆರವಾಗಬಹುದು. ಬಿಆರ್‌ಸಿಎ ಜೀನ್ ಪರೀಕ್ಷೆ ಆಗಿಲ್ಲದಿದ್ದರೆ ಆಗಲಿ, ಔಷಧದ ಆಯ್ಕೆಗೆ ಅದು ನೆರವಾಗುತ್ತದೆ. ರೋಗ ಆರು ತಿಂಗಳಿಗಿಂತ ಬೇಗ ಮರಳಿದ್ದರೆ ಔಷಧಗಳ ಫಲ ಸಾಮಾನ್ಯವಾಗಿ ಕಡಿಮೆ. ಆಗ ನೋವು, ಸುಸ್ತು, ಹೊಟ್ಟೆಯಲ್ಲಿ ತುಂಬುವ ನೀರು ಇವುಗಳ ಹತೋಟಿಯೇ ದೊಡ್ಡ ಗುರಿ.

ಲಕ್ಷಣ ಕಾಣುವವರೆಗೆ ಕಾಯುವುದೆಂದರೆ ಕೈಚೆಲ್ಲಿದಂತಲ್ಲವೇ? ಅಲ್ಲ. ರಕ್ತದಲ್ಲಿ ಸಿಎ-125 ಎಂಬ ಕ್ಯಾನ್ಸರ್ ಸೂಚಕ ಏರಿದ, ಆದರೆ ರೋಗಲಕ್ಷಣವಿಲ್ಲದ 529 ಮಹಿಳೆಯರ ಅಧ್ಯಯನವೊಂದು 2010ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾಯಿತು. ಕೂಡಲೇ ಕಿಮೋ ಪಡೆದವರು ಲಕ್ಷಣ ಕಾಣುವವರೆಗೆ ಕಾದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ನೆಮ್ಮದಿಯ ದಿನಗಳು ಮಾತ್ರ ಬೇಗ ಕರಗಿದವು. ಆಮೇಲೆ ಹೊಸ ಔಷಧಗಳು ಬಂದಿವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಬರೀ ಅಂಕಿಗೆ ಹೆದರಿ ಓಡಬೇಕಿಲ್ಲ ಎಂಬ ಮಾತು ಉಳಿಯುತ್ತದೆ. ಹೊಟ್ಟೆ ಉಬ್ಬರ, ವಾಂತಿ, ಉಸಿರಾಟದ ತೊಂದರೆ ಇದ್ದರೆ ಮಾತ್ರ ತಡಮಾಡಬೇಡಿ. ಉಪಶಾಮಕ ಆರೈಕೆಯನ್ನು ಕೊನೆಯ ಗಳಿಗೆಗೆ ಮೀಸಲಿಡಬೇಡಿ, ಅದು ಚಿಕಿತ್ಸೆಯ ಜೊತೆಜೊತೆಗೇ ನಡೆಯಬಲ್ಲದು. ಈ ಔಷಧದಿಂದ ಏನು ಸಿಗುತ್ತದೆ, ಏನು ಕಳೆಯುತ್ತದೆ ಎಂದು ವೈದ್ಯರನ್ನು ನೇರವಾಗಿ ಕೇಳಿ. ಉತ್ತರವನ್ನು ರೋಗಿಯಿಂದ ಮುಚ್ಚಿಡಬೇಡಿ.